ಕರಡಿಯ ಹೆಸರು ಕರೆದ ಮಹಾದೇವಕ್ಕ

ಸಾಂಬ್ರಾಣಿ ಊರಿನ ಮಹಾದೇವಕ್ಕನಿಗೆ ಹದ್ದಿನ ಕಣ್ಣು ಎಂದು ಊರವರು ಹೇಳುತ್ತಿದ್ದರು. ಹಾಗೆ ನೋಡಿದರೆ ಅದು ಹದ್ದಿಗೆ ಕೊಟ್ಟ ದೊಡ್ಡಸ್ತಿಕೆ. ಹದ್ದಿಗೆ ಕೋಳಿಮರಿ ಕಂಡರೆ ಸಾಕು. ಅದು ಯಾರ ಮನೆಯ ಮರಿ, ಅದರ ತಾಯಿಕೋಳಿ ಯಾವ ವರ್ಷ ಯಾರ ಹಿತ್ತಲಿನಿಂದ ಬಂತು ಎನ್ನುವ ಉಸಾಬರಿ ಹದ್ದಿಗೆ ಬೇಡ. ಮಹಾದೇವಕ್ಕನಿಗೆ ಅದೇ ಬೇಕು. ಹೊಲದ ಆ ತುದಿಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುವವನನ್ನು ಈ ತುದಿಯಿಂದ ನೋಡಿ, "ಕರಿಬಸಪ್ಪ ಹೊಂಟಾನ, ಇವತ್ತ ಮತ್ತ ಮಂಡಿ ನೋವು ಬಂದೈತಿ" ಎನ್ನುತ್ತಿದ್ದಳು. ಅದು ಕರಿಬಸಪ್ಪನೇ ಆಗಿರುತ್ತಿದ್ದ, ಮಂಡಿಯೂ ನೋಯುತ್ತಿರುತ್ತಿತ್ತು.

ಈ ಕಣ್ಣಿಗೆ ನಿಜವಾದ ಬೆಲೆ ಬರುತ್ತಿದ್ದದ್ದು ಹೋಳಿಯಲ್ಲಿ. ಆ ದಿನ ಮಧ್ಯಾಹ್ನ ಅವರ ಓಣಿಯ ಗಂಡಸರು ಸೋಗು ಹಾಕಿಕೊಂಡು ಬರುತ್ತಾರೆ. ಒಬ್ಬ ಮುದುಕಿಯಾದರೆ ಒಬ್ಬ ಫೌಜದಾರ, ಇನ್ನೊಬ್ಬ ಹುಲಿ. ಮುಖ ಕಾಣದಂತೆ ರಟ್ಟಿನ ಮುಖವಾಡ ಕಟ್ಟಿಕೊಂಡು ಮನೆಮನೆಯ ಕಟ್ಟೆಯ ಮುಂದೆ ಕುಣಿಯುತ್ತಾರೆ. ಕಟ್ಟೆಯ ಮೇಲೆ ಕೂತವರು ಒಳಗಿದ್ದವನು ಯಾರೆಂದು ಗುರುತು ಹಿಡಿದು ಹೆಸರಿನಿಂದ ಕರೆಯಬೇಕು. ಮೊದಲನೇ ಕರೆಗೆ ಸೋಗಿನವನು ಕಿವುಡನಾಗಬಹುದು. ಎರಡನೆಯದಕ್ಕೆ ಕುಣಿತ ಬದಲಿಸಿ ದಾರಿ ತಪ್ಪಿಸಲು ನೋಡಬಹುದು. ಮೂರನೇ ಸಲ ಕರೆದರೆ ಆಟ ಮುಗಿಯಿತು. ಮುಖವಾಡ ತೆಗೆದು, ಕರೆದವರ ಮುಂದೆ ತಲೆ ಬಾಗಿ, "ಸೋತ್ನಿ" ಎನ್ನಬೇಕು. ಗೆದ್ದವರು ಅವನ ಬಾಯಿಗೆ ಬೆಲ್ಲ ಹಾಕಬೇಕು. ಮೂರನೇ ಕರೆಗೂ ಮುಖ ತೋರಿಸದವನು ಊರಿನವನೇ ಅಲ್ಲ ಎಂಬ ಮಾತಿತ್ತು. ಅಂಥವನನ್ನು ಯಾರೂ ಕಂಡಿರಲಿಲ್ಲ.

ಮಹಾದೇವಕ್ಕ ಸೊಸೆಯಾಗಿ ಬಂದ ಮೇಲೆ ಅವಳ ಕಟ್ಟೆಯ ಮುಂದೆ ಗೆದ್ದು ಹೋದ ಸೋಗು ಒಂದೂ ಇಲ್ಲ. ಗಂಡ ಈಶಪ್ಪ ಒಂದು ವರ್ಷ ಪಕ್ಕದ ಮನೆಯಲ್ಲಿ ಗುಟ್ಟಾಗಿ ಸೀರೆ ಉಟ್ಟು ಬಂದಿದ್ದ. ಅವಳು ಮೂರು ಸಲ ಕರೆಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. "ನೆರಿಗಿ ಸರಿ ಹಿಡ್ಕೊಳ್ರಿ, ಬೀಳ್ತೀರಿ" ಎಂದಳು. ಓಣಿ ಬಿದ್ದು ಬಿದ್ದು ನಕ್ಕಿತು. ಇಂಥ ಕೀರ್ತಿ ಒಳ್ಳೆಯದಲ್ಲ. ಮನುಷ್ಯನಿಗೆ ಒಂದು ವಿದ್ಯೆ ಬಂದರೆ ಅದನ್ನು ಎಲ್ಲಿ ತೋರಿಸಬಾರದು ಎನ್ನುವ ಇನ್ನೊಂದು ವಿದ್ಯೆಯೂ ಬರಬೇಕು. ಅದು ಅವಳಿಗೆ ಬರಲಿಲ್ಲ.

ಇನಾಸ ಅದೇ ಊರಿನ ಸಿದ್ದಿ ಮನೆಗಳವನು; ಎಂದೋ ಆಫ್ರಿಕಾದಿಂದ ಬಂದವರ ಕುಲ, ಕಪ್ಪು ಮೈ, ಗುಂಗುರು ಕೂದಲು. ವಯಸ್ಸಿನಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಹುಡುಗನಿದ್ದಾಗಿನಿಂದ ತಮ್ಮ ಅಂತೋನಿಯ ಜೊತೆ ಅವಳ ಹೊಲದಲ್ಲಿ ಭತ್ತ ಕೊಯ್ಯಲು ಬರುತ್ತಿದ್ದ. ಒಂದು ಸುಗ್ಗಿಯಲ್ಲಿ ಭತ್ತದ ಚಕ್ಕಡಿ ಅವಳ ಅಂಗಳದಲ್ಲೇ ಅವನ ಎಡಗಾಲಿನ ಮೇಲೆ ಹಾದಿತ್ತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದವಳು ಮಹಾದೇವಕ್ಕ. ಗಾಯ ಮಾಯಿತು, ಆದರೆ ಪಾದ ಹೊರಮುಖವಾಗಿಯೇ ನಿಂತಿತು. ನಿಂತಲ್ಲಿ ಬೇಸರವಾದರೆ ಆ ಕಾಲಿನಿಂದ ಬಲಗಾಲಿನ ಮೀನಖಂಡವನ್ನು ಮೆಲ್ಲಗೆ ಉಜ್ಜಿಕೊಳ್ಳುವುದು ಅವನ ಚಾಳಿ. ಹೋಳಿಯಲ್ಲಿ ಅವನು ಎಷ್ಟೇ ಬಟ್ಟೆ ಸುತ್ತಿಕೊಂಡು ಬರಲಿ, ಆ ಕಾಲು ಅವನನ್ನು ಹಿಡಿದುಕೊಡುತ್ತಿತ್ತು. "ಅಕ್ಕಾರ, ಮುಂದಿನ ವರ್ಷ ಕಾಲು ಮನ್ಯಾಗ ಬಿಟ್ಟು ಬರ್ತೇನ್ರಿ" ಎಂದು ಬೆಲ್ಲ ಕಡಿಯುತ್ತಾ ನಗುತ್ತಿದ್ದ.

ಎರಡು ವರ್ಷದಿಂದ ಅವನು ಊರಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ. ದಾಂಡೇಲಿಯಲ್ಲಿ ಕಾಯಂ ಕೆಲಸ ಸಿಕ್ಕಿದೆ ಎಂದು ಅಂತೋನಿ ಹೇಳಿದ್ದ. ಏನು ಕೆಲಸ ಎಂದರೆ, "ಪಾರ್ಕಿನ್ಯಾಗರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ. ಗಿಡಕ್ಕೆ ನೀರು ಹಾಕುವ ಕೆಲಸ ಇದ್ದೀತು ಎಂದು ಮಹಾದೇವಕ್ಕ ತೀರ್ಮಾನಿಸಿಬಿಟ್ಟಳು.

ಎರಡು ಸಾವಿರದ ಐದನೆಯ ಇಸವಿಯ ದಸರೆ ರಜೆ. ಮುಂಡಗೋಡಿಗೆ ಕೊಟ್ಟ ಮಗಳು ಸುಮನ ತನ್ನ ಆರು ವರ್ಷದ ಸಪ್ನಾಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ದಾಂಡೇಲಿಯ ಹತ್ತಿರ ಮೌಳಂಗಿಯ ದಾರಿಯಲ್ಲಿ 'ಕಥಾವನ' ಎಂಬ ದೊಡ್ಡ ಪಾರ್ಕು ಆಗಿತ್ತು. ಜಾರುವ ಆಟ, ತಿರುಗುವ ಬಟ್ಟಲು, ನೀರಿನ ಕೊಳ ಎಲ್ಲ ಇದ್ದವು. ಇವೆಲ್ಲಕ್ಕಿಂತ ಮಕ್ಕಳಿಗೆ ಹುಚ್ಚು ಹಿಡಿಸಿದ್ದು ಕಥೆಯ ಪ್ರಾಣಿಗಳು. ಆ ಪಾರ್ಕಿನವರೇ ಅಚ್ಚು ಹಾಕಿಸಿದ ಬಣ್ಣದ ಕಥೆಪುಸ್ತಕವೊಂದು ಸಪ್ನಾಳ ಶಾಲೆಗೂ ಬಂದಿತ್ತು. ಅದರಲ್ಲಿ ಜೇನುರಾಜ ಎಂಬ ಕರಡಿ. ಅಳುವ ಮಗು ಎಲ್ಲೇ ಇರಲಿ, ಜೇನು ಹಿಡಿದುಕೊಂಡು ಬಂದು ಅಪ್ಪಿಕೊಳ್ಳುವವನು. ಪಾರ್ಕಿಗೆ ಹೋದರೆ ಆ ಜೇನುರಾಜನೇ ನಡೆದು ಬರುತ್ತಾನೆ, ಕೈಕುಲುಕುತ್ತಾನೆ, ಫೋಟೋಕ್ಕೆ ನಿಲ್ಲುತ್ತಾನೆ. ಸಪ್ನಾ ಮೂರು ದಿನ ಊಟ ಮಾಡುವಾಗಲೂ ಆ ಪುಸ್ತಕ ಬಿಡಲಿಲ್ಲ. ನಾಲ್ಕನೇ ದಿನ ಈಶಪ್ಪನೇ ಸೋತು, "ನಡೀರಿ, ಹೋಗೂಣು" ಎಂದ.

ಬುತ್ತಿ ಕಟ್ಟಿಕೊಂಡು ನಾಲ್ವರೂ ಹೊರಟರು. ಬಾಗಿಲಲ್ಲಿ ಬುತ್ತಿ ಒಳಗೆ ಬಿಡುವುದಿಲ್ಲ ಎಂದರು. ರೊಟ್ಟಿಯನ್ನು ಹೊರಗೆ ಮರದ ಕೆಳಗೆ ಕೂತು ತಿಂದು ಮುಗಿಸಿಯೇ ಮಹಾದೇವಕ್ಕ ಒಳಗೆ ಬಂದಳು. ಬಂದವಳು ತಿರುಗುವ ಬಟ್ಟಲಲ್ಲಿ ಕೂತು ಗಂಡನ ತೋಳು ಚಿವುಟಿ ಕಿರುಚಿದಳು. ಬಹಳ ವರ್ಷಗಳ ನಂತರ ಅಷ್ಟು ಖುಷಿಯಾಗಿದ್ದಳು. ಇದನ್ನು ಹೇಳಲೇಬೇಕು, ಏಕೆಂದರೆ ಅವಳು ಆಮೇಲೆ ಮಾಡಿದ್ದು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ.

ಮಧ್ಯಾಹ್ನ ಮೂರಕ್ಕೆ ಗಂಟೆ ಬಾರಿಸಿತು. ಪಾರ್ಕಿನ ನಡುವಿನ ಕಟ್ಟೆಯ ಹತ್ತಿರ ಜನ ಸೇರಿದರು. ಮೊಲ ಬಂತು, ಕಿರೀಟದ ರಾಜಕುಮಾರಿ ಬಂದಳು, ಕೊನೆಗೆ ಜೇನುರಾಜ. ಕಂದು ಕೂದಲಿನ ದೊಡ್ಡ ಮೈ, ಕೊಪ್ಪರಿಗೆಯಂಥ ತಲೆ, ಕೈಯಲ್ಲಿ ಜೇನಿನ ಗಡಿಗೆ. ಪಕ್ಕದಲ್ಲಿ ಒಂದು ಫಲಕ: 'ನಮ್ಮ ಗೆಳೆಯರು ಮಾತನಾಡುವುದಿಲ್ಲ. ಅಪ್ಪಿಕೊಳ್ಳಬಹುದು.' ಮಕ್ಕಳು ಓಡಿದರು. ಸಪ್ನಾ ಓಡಿಹೋಗಿ ಕರಡಿಯ ಹೊಟ್ಟೆಗೆ ಮುಖವಿಟ್ಟಳು. ಕರಡಿ ಬಗ್ಗಿ ಅವಳನ್ನು ಎತ್ತಿಕೊಂಡಿತು. ಫೋಟೋ ತೆಗೆಯುವವನು ಕ್ಯಾಮರಾ ಸರಿಮಾಡಿಕೊಳ್ಳುತ್ತಿದ್ದ. ಕಾಯುತ್ತ ನಿಂತ ಕರಡಿ ಎಡಗಾಲು ಎತ್ತಿ ಬಲಗಾಲಿನ ಮೀನಖಂಡವನ್ನು ಮೆಲ್ಲಗೆ ಉಜ್ಜಿಕೊಂಡಿತು.

ಮಹಾದೇವಕ್ಕನ ಮೈಯೆಲ್ಲ ಜುಂ ಎಂದಿತು. ಹೋಳಿಗೆ ಇನ್ನೂ ಐದು ತಿಂಗಳಿದೆ, ಇದು ದಾಂಡೇಲಿ, ಇದು ಯಾರದೋ ಹೊಟ್ಟೆಪಾಡು ಎಂಬುದೊಂದೂ ಅವಳ ತಲೆಗೆ ಬರಲಿಲ್ಲ. ಕಂಡದ್ದು ಒಂದು ಸೋಗು, ಗುರುತು ಸಿಕ್ಕಿದ್ದು ಒಂದು ಕಾಲು.

"ಇನಾಸಾ!" ಎಂದು ಕೂಗಿದಳು.

ಕರಡಿ ಕಿವುಡಾಯಿತು.

"ನೋಡ್ರಿ, ಅಂವ ನಮ್ಮ ಇನಾಸ! ಏ ಇನಾಸಾ!"

ಕರಡಿ ಸಪ್ನಾಳನ್ನು ಕೆಳಗಿಳಿಸಿ, ಗಡಿಗೆಯನ್ನು ತಲೆಯ ಮೇಲಿಟ್ಟು ಗಿರಗಿರ ತಿರುಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮಹಾದೇವಕ್ಕನಿಗೆ ನಗು ತಡೆಯಲಾಗಲಿಲ್ಲ. ಎರಡನೇ ಕರೆಗೆ ಕುಣಿತ ಬದಲಿಸಿದನಲ್ಲ, ಇನ್ನೇನು ಬೇಕು? ಸುಮನ "ಅವ್ವಾ, ಸುಮ್ನಿರು" ಎಂದು ಸೆರಗು ಜಗ್ಗಿದಳು. ಅವಳು ಕೊಸರಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ, ಗೆದ್ದವಳ ದನಿಯಲ್ಲಿ ಮೂರನೇ ಸಲ ಕರೆದಳು.

"ಇನಾಸಾ!"

ಕರಡಿ ನಿಂತಿತು. ಬಹಳ ಹೊತ್ತೇನಲ್ಲ, ಒಂದು ಉಸಿರಿನಷ್ಟು. ಆಮೇಲೆ ಎರಡೂ ಕೈ ಮೇಲೆತ್ತಿ ಆ ದೊಡ್ಡ ತಲೆಯನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡಿತು. ಬೆವರಿನಿಂದ ತೊಯ್ದ ಇನಾಸನ ಮುಖ ಅವಳತ್ತ ಬಾಗಿತು.

ಅವನು "ಸೋತ್ನಿ" ಎಂದನೋ ಇಲ್ಲವೋ ಯಾರಿಗೂ ಕೇಳಿಸಲಿಲ್ಲ. ಮಕ್ಕಳು ಒಮ್ಮೆಲೇ ಚೀರಿಬಿಟ್ಟವು. ಮುಂದೆ ನಿಂತ ಚಿಕ್ಕದೊಂದು, "ಭೂತ, ಭೂತ" ಎಂದು ಅಪ್ಪನ ಕುತ್ತಿಗೆಗೆ ಜೋತುಬಿತ್ತು. ಹಿಂದಿನಿಂದ ಯಾರೋ ಒಬ್ಬ, "ಕರಡಿ ಒಳಗೆ ಇನ್ನೊಂದು ಕರಡಿ ನೋಡ್ರೋ" ಎಂದ. ಸುಮಾರು ಜನ ನಕ್ಕರು. ಸಪ್ನಾ ಅಲುಗಾಡದೆ ನಿಂತು, ಕಂಕುಳಲ್ಲಿ ಕಣ್ಣು ಬಿಟ್ಟುಕೊಂಡಿದ್ದ ಕರಡಿಯ ತಲೆಯನ್ನೇ ನೋಡುತ್ತಿದ್ದಳು. "ಅಜ್ಜಿ, ಜೇನುರಾಜ ಸತ್ತನೇನ?" ಎಂದು ಕೇಳಿದಳು.

ಮಹಾದೇವಕ್ಕನ ನಗು ಹಲ್ಲಿನಲ್ಲೇ ಒಣಗಿತು. ಬಾಯಿಗೆ ಹಾಕಲು ಅವಳ ಕೈಯಲ್ಲಿ ಬೆಲ್ಲವೂ ಇರಲಿಲ್ಲ.

ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಮ್ಯಾನೇಜರ ಓಡಿಬಂದ. ಚೀರಿದ ಮಗುವಿನ ಅಪ್ಪ ಅವನ ಮೈಮೇಲೆ ಹೋದ. ರೊಕ್ಕ ಕೊಟ್ಟು ಮಕ್ಕಳನ್ನು ಹೆದರಿಸಿಕೊಂಡು ಹೋಗಬೇಕೇನು, ಇಂಥವರನ್ನು ಯಾಕೆ ಇಟ್ಟುಕೊಳ್ಳುತ್ತೀರಿ ಎಂದು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಬಯ್ದ. ಮ್ಯಾನೇಜರ ಇನಾಸನನ್ನು ಒಮ್ಮೆ ನೋಡಿ, ನಂತರ ಎದುರಿಗೆ ನಿಂತಿದ್ದ ಮಹಾದೇವಕ್ಕನ ಕಡೆ ತಿರುಗಿದ.

"ಅಮ್ಮಾರ, ನೀವು ಏನೋ ಕೂಗಿದ್ರಂತಲ್ಲ? ಇಂವ ನಿಮಗ ಗುರುತೇನು?"

ಜನರೆಲ್ಲ ಅವಳನ್ನೇ ನೋಡುತ್ತಿದ್ದರು. ನಕ್ಕವರೂ ನೋಡುತ್ತಿದ್ದರು, ಬಯ್ದವನೂ ನೋಡುತ್ತಿದ್ದ. ಹೌದು ಎಂದರೆ ಆ ಬೈಗಳು ತನ್ನ ಕಡೆ ತಿರುಗುತ್ತವೆ, ಮಗಳ ಮುಂದೆ, ಮೊಮ್ಮಗಳ ಮುಂದೆ. ಅವಳಿಗೆ ನಾಚಿಕೆಯಾಯಿತು, ಹೆದರಿಕೆಯಾಯಿತು. ಇನ್ನೂ ಒಂದು ಇತ್ತು, ಅದನ್ನು ಅವಳು ಬಹಳ ದಿನ ತನಗೇ ಹೇಳಿಕೊಳ್ಳಲಿಲ್ಲ: ಆ ನಗು ಕೇಳಿದ ಮೇಲೆ ಅವನು ತನ್ನವನು ಎನ್ನಲು ಅವಳಿಗೆ ಮನಸ್ಸಾಗಲಿಲ್ಲ.

"ಇಲ್ರಿ," ಎಂದಳು. "ನಮಗ ಗುರುತಿಲ್ಲರಿ."

ಹೊಲದ ತುದಿಯ ಕಂಬಳಿಯನ್ನು ಗುರುತು ಹಿಡಿಯುವವಳು ಮೂರು ಮಾರು ದೂರದಲ್ಲಿದ್ದ, ತಾನೇ ಗಾಯ ಕಟ್ಟಿದ ಮನುಷ್ಯನನ್ನು ಗುರುತಿಲ್ಲ ಎಂದಳು.

ಇನಾಸ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಮ್ಯಾನೇಜರನಿಗೆ, "ಹೌದ್ರಿ ಸರ್, ಅವರಿಗೆ ಗುರುತಿಲ್ಲ. ಒಳಗ ಸೆಕಿ ತಡೀಲಿಲ್ಲ, ನಾನ ತಗದ್ನಿ" ಎಂದ. ಕರಡಿಯ ತಲೆಯನ್ನು ಕಂಕುಳಲ್ಲೇ ಇಟ್ಟುಕೊಂಡು, ಎಡಗಾಲು ಹೊರಗೆ ಹಾಕುತ್ತ, ಹಿಂದಿನ ಬಾಗಿಲಿನತ್ತ ನಡೆದುಹೋದ.

ಮರಳಿ ಬರುವಾಗ ಬಸ್ಸಿನಲ್ಲಿ ಸಪ್ನಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಳಿಯಾಳ ದಾಟಿದ ಮೇಲೆ ಒಮ್ಮೆಲೇ, "ಅಜ್ಜಿ, ನಿನಗ ಅಂವ ಗುರುತಿದ್ದನಲ್ಲ? ಹೆಸರು ಕರದಿ" ಎಂದಳು. ಈಶಪ್ಪ ಕೆಮ್ಮಿದ. ಸುಮನ ಮಗುವಿನ ತೊಡೆ ಚಿವುಟಿದಳು. ಮಹಾದೇವಕ್ಕ ಬುತ್ತಿಯ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತಳು.

ಬೆನ್ನ ಮ್ಯಾಲ ಹೊಡಿ, ಹೊಟ್ಟಿ ಮ್ಯಾಲ ಹೊಡೀಬ್ಯಾಡ ಎನ್ನುತ್ತಾರೆ ಹಿರಿಯರು. ಅವಳು ಎರಡೂ ಕಡೆ ಹೊಡೆದಿದ್ದಳು. ಆದರೂ ಅವನ ಕೆಲಸಕ್ಕೆ ಏನೂ ಆಗಿರಲಿಕ್ಕಿಲ್ಲ, ಸಾಹೇಬರು ಎರಡು ಮಾತು ಬೈದು ಬಿಟ್ಟಿರುತ್ತಾರೆ ಎಂದು ಒಂದು ತಿಂಗಳು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ದೀಪಾವಳಿ ಮುಗಿದು ಭತ್ತದ ಕೊಯ್ಲು ಬಂತು. ಅಂತೋನಿ ಕುಡಗೋಲು ಹಿಡಿದು ಬಂದ. ಬದುವಿನ ಮೇಲೆ ಚಹಾ ಕುಡಿಯುವಾಗ ಅವಳು ಕೇಳಿದಳು.

"ನಿಮ್ಮಣ್ಣ ಹೆಂಗದಾನ?"

"ಪಾರ್ಕಿನ ಕೆಲಸ ಹೋತ್ರಿ ಅಕ್ಕಾರ. ಸೆಕಿ ತಡೀದ ಕರಡಿ ತಲಿ ತಗದನಂತ, ಅವತ್ತ ಬಿಡಿಸಿಬಿಟ್ರು. ಈಗ ಗಣೇಶಗುಡ್ಯಾಗ ಹೊಳಿ ಬೋಟು ಹೊರಾಕ ಹೊಕ್ಕಾನ."

ತಮ್ಮನಿಗೂ ಅವನು ಅವಳ ಹೆಸರು ಹೇಳಿರಲಿಲ್ಲ. ಹೇಳಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಬಯ್ಯುವವರು ಯಾರಾದರೂ ಇದ್ದರೆ ತಿರುಗಿ ಏನಾದರೂ ಅನ್ನಬಹುದು. "ಅಲ್ಲೋ ಅಂತೋನಿ, ನಾನ ಕರದಿದ್ದೆ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಇನ್ನಷ್ಟು ಚಹಾ ಹಾಕಲೇನು ಎಂದು ಕೇಳಿ ಅದನ್ನು ನುಂಗಿಕೊಂಡಳು. ಆ ವಾರ ಅವಳು ಕಟ್ಟೆಯ ಮೇಲೆ ಕೂರಲಿಲ್ಲ. ದಾರಿಯಲ್ಲಿ ಹೋಗುವವರನ್ನು ನೋಡಿ ಯಾರೆಂದು ಹೇಳಲಿಲ್ಲ. ನೆರೆಮನೆಯ ಹೊಳೆವ್ವ ಬಂದು, "ಯಾಕ್ ಅಕ್ಕಾ, ಕಣ್ಣಿಗೆ ಪೊರಿ ಬಂತೇನು?" ಎಂದು ಚೇಷ್ಟೆ ಮಾಡಿದಳು. ಮಹಾದೇವಕ್ಕ ಅತ್ತುಬಿಟ್ಟಳು. ಹೊಳೆವ್ವ ತನ್ನಿಂದೇನು ತಪ್ಪಾಯಿತೆಂದು ತಿಳಿಯದೆ ಎದ್ದುಹೋದಳು.

ಕೊಯ್ಲು ಮುಗಿದ ಮರುದಿನ, "ದಾಂಡೇಲಿಗೆ ಹೋಗಿ ಬರ್ತೇನಿ" ಎಂದು ಗಂಡನಿಗೆ ಹೇಳಿದಳು. ಈಶಪ್ಪ, "ಆದದ್ದು ಆಗಿ ಹೋತು. ಈಗ ಹೋಗಿ ಹೇಳಿದ್ರ ಏನು ಬರ್ತೈತಿ?" ಎಂದ. "ಬರೂದು ಬ್ಯಾಡ. ಹೇಳಬೇಕು" ಎಂದು ಚಪ್ಪಲಿ ಮೆಟ್ಟಿದಳು.

ಕಥಾವನದ ಆಫೀಸಿನಲ್ಲಿ ಅದೇ ಮ್ಯಾನೇಜರ ಇದ್ದ. ಹುಬ್ಬಳ್ಳಿ ಕಡೆಯ ಹುಡುಗ, ಒಳ್ಳೆಯ ಮಾತಿನವನು. ಅವಳನ್ನು ಕುರ್ಚಿಯ ಮೇಲೆ ಕೂರಿಸಿದ. ಅವಳು ನಿಂತೇ ಹೇಳುತ್ತೇನೆಂದು ಮತ್ತೆ ಎದ್ದಳು. ಹೋಳಿಯ ಸೋಗು, ಮೂರು ಕರೆ, ತಾನು ಆಡಿದ ಸುಳ್ಳು, ಎಲ್ಲವನ್ನೂ ಹೇಳಿದಳು.

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. "ಅಮ್ಮಾರ, ನಾ ಅವತ್ತ ನಿಮ್ಮನ್ನ ಸುಮ್ಮ ಕೇಳಿರಲಿಲ್ರಿ. ಬಂದವರು ಯಾರರೆ ಹೆಸರು ಹಿಡದು ಒತ್ತಾಯ ಮಾಡಿ ತಗಸಿದ್ರ ಅದು ಅವನ ತಪ್ಪಲ್ಲ. ಮ್ಯಾಲಿನವರಿಗೆ ಹಂಗಂತ ಬರದು ಕಳಿಸಿ ಅವನ್ನ ಉಳಿಸ್ಕೊಳ್ಳೂಣು ಅಂತನ ಕೇಳಿದ್ದೆ. ಅಂವ ತಾನ ತಗದ್ನಿ ಅಂದ್ರ ನಾ ಏನು ಬರೀಲಿ? ಹೌದು ಅಂತ ಒಂದು ಮಾತು ಅಂದಿದ್ರ ಸಾಕಾಗಿತ್ತು."

ಮಹಾದೇವಕ್ಕ ಆಗ ಕೂತಳು.

"ಈಗ ಬ್ಯಾರೆಯವರು ಬಂದಾರ," ಎಂದು ಅವನೇ ಮುಂದುವರಿಸಿದ. "ಆದರ ಅವನಂಗ ಮಕ್ಕಳನ್ನ ಹಚ್ಕೊಳ್ಳವರು ಸಿಗಲಿಲ್ಲ. ಅಂವ ಬರ್ತೇನಿ ಅಂದ್ರ ನಾ ಮ್ಯಾಲಿನವರ ಹತ್ರ ಮಾತಾಡ್ತೇನಿ. ಕೇಳಿ ನೋಡ್ರಿ."

ಇದೊಂದು ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡವಳ ಹಾಗೆ ಅವಳು ಗಣೇಶಗುಡಿಯ ಬಸ್ಸು ಹತ್ತಿದಳು. ಕೆಲಸ ಮರಳಿ ಕೊಡಿಸಿದರೆ ತನ್ನ ತಪ್ಪು ತೊಳೆದುಹೋದೀತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಹೊಳೆಯ ದಂಡೆಯಲ್ಲಿ ಇನಾಸ ರಬ್ಬರಿನ ಬೋಟೊಂದನ್ನು ಬೋರಲು ಹಾಕಿ ನೀರು ಸುರಿದು ತಿಕ್ಕುತ್ತಿದ್ದ. ಅವಳನ್ನು ಕಂಡ ಕೂಡಲೇ ಕೈ ಒರೆಸಿಕೊಂಡು ಎದ್ದ.

"ಅಕ್ಕಾರ! ಇಷ್ಟು ದೂರ? ಊರಾಗ ಎಲ್ಲಾರೂ ಆರಾಮ?" ಎಂದು ಕಲ್ಲಿನ ಮೇಲಿನ ನೀರು ಬಳಿದು ಕೂರಿಸಿದ. ಬೇಡವೆಂದರೂ ಕೇಳದೆ ಚಹಾ ತಂದುಕೊಟ್ಟ.

ಚಹಾದ ಲೋಟ ಹಿಡಿದುಕೊಂಡೇ ಅವಳು ಹೇಳಿದಳು. ಅವನು ಕಾಲ ಬೆರಳಿನಿಂದ ಮರಳು ಕೆದರುತ್ತ ಕೇಳಿದ.

"ನೀ ಯಾಕ ತಲಿ ತಗದ್ಯೋ ಇನಾಸ? ನಾ ಕರದ್ರ ಕರಕೊಳ್ಳಲಿ ಅಂತ ಬಿಡಬೇಕಿತ್ತು."

"ಮೂರನೇ ಸಲ ಕರದ್ರಲ್ಲ ಅಕ್ಕಾರ," ಎಂದ ಅವನು, ಅದರಲ್ಲಿ ಕೇಳುವುದೇನಿದೆ ಎನ್ನುವಂತೆ. "ತಗೀಲಿಲ್ಲ ಅಂದ್ರ ಊರಿಗೆ ಬಂದು ನಿಮ್ಮ ಕಟ್ಟಿ ಮುಂದ ಹೆಂಗ ನಿಂದರಲಿ?"

"ಮತ್ತ ಸಾಹೇಬನ ಮುಂದ ಯಾಕ ಹಂಗಂದಿ? ಈಕಿನ ಕರದಾಳ, ನಮ್ಮೂರಾಕಿ ಅಂತ ಅನ್ನಬೇಕಿತ್ತಲ್ಲ."

"ನೀವು ಗುರುತಿಲ್ಲ ಅಂದಿದ್ರಿ. ಅಷ್ಟು ಮಂದ್ಯಾಗ ನಿಮ್ಮ ಮಾತು ಸುಳ್ಳು ಮಾಡೂದು ಹೆಂಗರಿ?"

ಅವಳು ಲೋಟವನ್ನು ಕಲ್ಲಿನ ಮೇಲಿಟ್ಟಳು. ಆತುರಾತುರವಾಗಿ ಮ್ಯಾನೇಜರನ ಮಾತು ಹೇಳಿದಳು: ಬಾ ಎಂದಿದ್ದಾರೆ, ಮಾತಾಡುತ್ತಾರಂತೆ, ನಾಳೆಯೇ ಹೋಗು. ಇನಾಸ ನಕ್ಕು ತಲೆಯಲ್ಲಾಡಿಸಿದ.

"ಬ್ಯಾಡ್ರಿ ಅಕ್ಕಾರ. ಕರಡಿ ಒಳಗಿದ್ದಾಗ ಹುಡುಗ್ರು ಓಡಿ ಬಂದು ಅಪ್ಕೋತಿದ್ದುವು. ಹೊರಗ ನಮ್ಮನ್ನ ಯಾರು ಅಪ್ಕೋತಾರ್ರಿ? ಭಾಳ ಹಿತಾ ಅನಸ್ತಿತ್ತು. ಆದರ ಅವತ್ತ ನನ್ನ ಮಾರಿ ನೋಡಿ ಆ ಹುಡುಗ್ರು ಚೀರಿದ್ದು ಇನ್ನೂ ಕಿವ್ಯಾಗ ಐತಿ. ಇನ್ನ ಆ ತಲಿ ಹಾಕ್ಕೊಂಡ್ರ ಅದ ಕೇಳ್ತೈತಿ." ಅವಳಿಗೆ ನೋವಾಯಿತೇನೋ ಎಂದು, "ಇಲ್ಲಿ ಗಾಳಿ ಛಲೋ ಐತ್ರಿ" ಎಂದು ಸೇರಿಸಿದ.

ಅವಳ ಹತ್ತಿರ ಕೊಡಲು ಇನ್ನೇನೂ ಉಳಿದಿರಲಿಲ್ಲ. ತಪ್ಪಾಯಿತು ಎಂದಳು. "ಬಿಡ್ರಿ" ಎಂದ. ಮತ್ತೊಮ್ಮೆ ತಪ್ಪಾಯಿತು ಎಂದಳು. ಅವನಿಗೆ ಮುಜುಗರವಾಗಿ ಲೋಟ ತೊಳೆಯುವ ನೆವದಲ್ಲಿ ನೀರಿನ ಕಡೆ ಹೋದ.

ಅಷ್ಟರಲ್ಲಿ ದಂಡೆಯ ಮೇಲಿನಿಂದ ಬೋಟಿನ ಮೇಸ್ತ್ರಿಯ ದನಿ ಬಂತು. ಅವನ ಸುತ್ತ ಬಣ್ಣದ ಜಾಕೀಟು ತೊಟ್ಟ ಪ್ರವಾಸಿಗಳು ಇಪ್ಪತ್ತು ಮಂದಿ ನಿಂತಿದ್ದರು. ಎಲ್ಲರೂ ಕೆಳಗೆ ನೋಡುತ್ತಿದ್ದರು.

"ಏ ಇನಾಸ, ಕೆಲಸ ಬಿಟ್ಟು ಏನು ಮಾಡಾಕತ್ತಿ? ಯಾರೋ ಆ ಹೆಣ್ಮಗಳು? ನಿನಗ ಗುರುತೇನು?"

ಮಹಾದೇವಕ್ಕ ಕಲ್ಲಿನಿಂದ ಎದ್ದಳು. ಇಲ್ಲ ಎನ್ನಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು. ಇಲ್ಲ ಎಂದುಬಿಟ್ಟರೆ ಇಬ್ಬರದೂ ಸರಿಹೋಗುತ್ತದೆ, ತಾನು ನೆಮ್ಮದಿಯಿಂದ ಮನೆಗೆ ಹೋಗಬಹುದು.

ಇನಾಸ ಲೋಟದ ನೀರು ಝಾಡಿಸಿ, ಇಪ್ಪತ್ತು ಮಂದಿಗೂ ಕೇಳುವ ಹಾಗೆ ಕೂಗಿ ಹೇಳಿದ:

"ಹೌದ್ರಿ! ನಮ್ಮೂರವರು. ನಮ್ಮ ಅಕ್ಕಾರು."

ಅಷ್ಟು ಹೇಳಲು ಅವನಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ.